ಸೀಸನ್ ನಡುವೆ ಸೋಲುತ್ತಿರುವ ಕಬಡ್ಡಿ ಟೀಮ್: ರೈಡರ್ ಹುಡುಕೋ ಮುಂಚೆ ಕಾರ್ನರ್ ನೋಡಿ

ತುಮಕೂರು ಕಡೆ ಸುಗ್ಗಿ ಮುಗಿದರೆ ಸಾಕು, ಊರೂರಲ್ಲೂ ಹೊನಲು ಬೆಳಕಿನ ಕಬಡ್ಡಿ. ಗುಬ್ಬಿಯಲ್ಲೊಂದು, ಶಿರಾದಲ್ಲೊಂದು, ಕುಣಿಗಲ್‌ನಲ್ಲೊಂದು. ಎರಡು ಮೂರು ಟೂರ್ನಿಯಲ್ಲಿ ಮೊದಲ ಸುತ್ತಿಗೇ ಮನೆಗೆ ಬಂದ ಟೀಮಿನವರು ಮಾಡುವ ಮೊದಲ ಕೆಲಸ ಏನು ಗೊತ್ತಾ? ದುಡ್ಡು ಸೇರಿಸಿ ಹೊರಗಿಂದ ಒಬ್ಬ ರೈಡರ್‌ನ, ಅಂದರೆ ಎದುರಾಳಿ ಅಂಕಣಕ್ಕೆ ನುಗ್ಗಿ ಪಾಯಿಂಟ್ ತರುವವನನ್ನು, ಕರೆಸೋದು. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಯಾಕೆ ಅಂದರೆ, ಔಟಾದ ರೈಡರ್ ತಾನಾಗಿ ಎದ್ದು ಒಳಗೆ ಬರೋಕೆ ಆಗಲ್ಲ. ನಾವು ಎದುರಾಳಿಯ ಒಬ್ಬನನ್ನು ಔಟ್ ಮಾಡಿದರೆ ನಮ್ಮವನೊಬ್ಬ ವಾಪಸ್. ರೈಡರ್ ಎದುರಾಳಿ ಅಂಕಣದ ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಬೋನಸ್ ಪಾಯಿಂಟಿಗೆ ಯಾರೂ ವಾಪಸ್ ಬರುವುದಿಲ್ಲ. ಅಂದರೆ ಎಂಥ ಹುಲಿಯನ್ನೇ ಕರೆತಂದರೂ ಅವನು ಸಿಕ್ಕಿಬಿದ್ದ ಮೇಲೆ ಅವನನ್ನು ಒಳಗೆ ತರಬೇಕಾದವರು ಮುಖ್ಯವಾಗಿ ನಿಮ್ಮ ಡಿಫೆಂಡರ್‌ಗಳೇ, ಅವರಿಗೆ ಹಿಡಿಯೋಕೆ ಬರದಿದ್ದರೆ ಅವನು ಅರ್ಧ ಪಂದ್ಯ ಬೆಂಚಿನಲ್ಲಿ ನೀರು ಕುಡಿಯುತ್ತಾ ಕೂರುತ್ತಾನೆ. ಪ್ರೊ ಕಬಡ್ಡಿಯಲ್ಲೇ ನೋಡಿ. 2024ರ 11ನೇ ಸೀಸನ್‌ಗೆ ಬೆಂಗಳೂರು ಬುಲ್ಸ್ ಪ್ರದೀಪ್ ನರ್ವಾಲ್ ಅವರನ್ನು ಕರೆತಂದಿತು. ಲೀಗ್‌ನಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ್ದ ಆಟಗಾರ. ಆದರೂ ಟೀಮ್ ಪಟ್ಟಿಯಲ್ಲಿ ಕೊನೆಗೆ ಬಿತ್ತು.

ಹಾಗಾಗಿ ಮೊದಲು ಪಾಯಿಂಟ್ ಎಲ್ಲಿ ಸೋರುತ್ತಿದೆ ಅಂತ ನೋಡಿ. ಬೆಂಚಿನಲ್ಲಿ ಕೂರುವ ಹುಡುಗನ ಕೈಗೆ ಒಂದು ನೋಟ್‌ಬುಕ್ ಕೊಡಿ. ಎದುರಾಳಿ ರೈಡ್ ಬಂದಾಗ ಮೊದಲು ನುಗ್ಗಿದ್ದು ಯಾರು, ಟಚ್ ಯಾವ ಮೂಲೆಯಲ್ಲಿ ಆಯಿತು, ಬೋನಸ್ ಹೋಯಿತಾ, ನಮ್ಮ ಮುಖ್ಯ ರೈಡರ್ ಎಷ್ಟು ಹೊತ್ತು ಹೊರಗಿದ್ದ. ಇಷ್ಟು ಬರೆದರೆ ಸಾಕು. ಮೊಬೈಲ್‌ನಲ್ಲಿ ವಿಡಿಯೊ ತೆಗೆಯೋದಾದರೆ ಹಿಂದಿನ ಗೆರೆಯ ಕಡೆಯಿಂದ, ಟಾಟಾ ಏಸ್ ಮೇಲೆ ಹತ್ತಿ ತೆಗೆಯಿರಿ. ಪಕ್ಕದಿಂದ ತೆಗೆದರೆ ಅಂಚಿನಲ್ಲಿ ನಿಲ್ಲುವ ಡಿಫೆಂಡರ್ ಕಾರ್ನರ್‌ಗೂ ಅವನಿಗಿಂತ ಒಳಗೆ ನಿಲ್ಲುವ ಕವರ್‌ಗೂ ನಡುವಿನ ಸಂದು ಕಾಣುವುದೇ ಇಲ್ಲ.

ಬಹಳ ಸಲ ಕಾಯಿಲೆ ಒಂದೇ. ಜನ ಚಪ್ಪಾಳೆ ಹೊಡೆಯುತ್ತಾರೆ ಅಂತ ಕವರ್‌ನವನು ಡ್ಯಾಶ್ ಕೊಡೋಕೆ (ರೈಡರ್‌ನ ಮೈಯಿಂದ ಗುದ್ದಿ ಹೊರಗೆ ತಳ್ಳೋಕೆ) ಮುಂದೆ ನುಗ್ಗುತ್ತಾನೆ, ಕಾರ್ನರ್‌ನವನು ಇನ್ನೂ ರೆಡಿ ಇರುವುದಿಲ್ಲ, ಹಿಡಿತ ಬಿಚ್ಚಿ ಇಬ್ಬರೂ ಒಟ್ಟಿಗೆ ಔಟ್. ಇದಕ್ಕೆ ಒಂದೇ ಕಟ್ಟಪ್ಪಣೆ ಮಾಡಿ: ಕಾರ್ನರ್ ಕೈ ಹಾಕುವವರೆಗೆ ಕವರ್ ನುಗ್ಗಬಾರದು.

ಕಾರ್ನರ್‌ನವನಿಗೆ ಕಲಿಸಬೇಕಾದ್ದು ಸಮಯ. ಬೋನಸ್ ಸಿಗಬೇಕಾದರೆ ರೈಡರ್‌ನ ಒಂದು ಕಾಲು ಬೋನಸ್ ಗೆರೆ ದಾಟಬೇಕು, ಆಗ ಇನ್ನೊಂದು ಕಾಲು ನೆಲದಿಂದ ಎದ್ದಿರಬೇಕು, ಅಲ್ವಾ? ಆ ಗಳಿಗೆಯಲ್ಲಿ ಮೈಭಾರ ಎಲ್ಲ ಮುಂದಿನ ಕಾಲಿನ ಮೇಲಿರುತ್ತದೆ, ಹಿಂದಕ್ಕೆ ಜಿಗಿಯೋಕೆ ಆಗುವುದಿಲ್ಲ. ಆಗಲೇ ಬಗ್ಗಿ ಎರಡೂ ಕೈಯಲ್ಲಿ ಪಾದದ ಗಂಟು ಹಿಡಿದು ಎದೆಗೆ ಎಳೆದುಕೊಳ್ಳಬೇಕು. ಒಂದೇ ಕೈಯಲ್ಲಿ ಹಿಡಿಯೋದು ಸುಮ್ನೆ ಟಚ್ ಪಾಯಿಂಟ್ ಕೊಟ್ಟ ಹಾಗೆ. ಸಂಜೆ ಪ್ರಾಕ್ಟೀಸ್‌ನಲ್ಲಿ ಬೇರೇನೂ ಬೇಡ. ಇಬ್ಬರು ಕಾರ್ನರ್, ಇಬ್ಬರು ಕವರ್, ಬೋನಸ್‌ಗೆ ಬರುವ ಒಬ್ಬ ರೈಡರ್, ಇದನ್ನೇ ತಿರುಗಿಸಿ ತಿರುಗಿಸಿ ಆಡಿಸಿ. ಕಾರ್ನರ್‌ಗೆ ಆಳಿಲ್ಲ ಅನ್ನಬೇಡಿ. ಊರಲ್ಲಿ ಖೋ-ಖೋ ಆಡಿದ ಹುಡುಗ ಇದ್ದರೆ ಅವನನ್ನು ನಿಲ್ಲಿಸಿ ನೋಡಿ, ಡೈವ್ ಹೊಡೆಯೋಕೆ ಅವನಿಗೆ ಭಯ ಇರುವುದಿಲ್ಲ.

ರೈಡಿಂಗ್‌ನಲ್ಲಿ ಸರಿ ಮಾಡಬೇಕಾದ್ದು ಹಂಚಿಕೆ. ಎರಡು ರೈಡ್ ಖಾಲಿ ಹೋದ ಮೇಲೆ ಮೂರನೆಯದು ಡು ಆರ್ ಡೈ (ಪಾಯಿಂಟ್ ತರದಿದ್ದರೆ ರೈಡರ್ ಔಟ್) ಆಗುವ ನಿಯಮ ನಿಮ್ಮ ಟೂರ್ನಿಯಲ್ಲಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಇದ್ದರೆ ಆ ರೈಡನ್ನು ಯಾವಾಗಲೂ ಮುಖ್ಯ ರೈಡರ್‌ಗೇ ಕೊಡಬೇಡಿ, ಔಟಾದರೂ ಟೀಮಿಗೆ ಅಷ್ಟು ನಷ್ಟ ಆಗದವನನ್ನು ಕಳಿಸಿ. ಅಂಕಣದಲ್ಲಿ ಮೂವರೋ ಇಬ್ಬರೋ ಉಳಿದಾಗ ಹೆದರಿ ಹಿಂದೆ ಸರಿಯುವ ಟೀಮೇ ಜಾಸ್ತಿ. ಆದರೆ ಅಷ್ಟೇ ಜನ ಸೇರಿ ರೈಡರ್‌ನ ಹಿಡಿಯುವ ಸೂಪರ್ ಟ್ಯಾಕಲ್‌ಗೆ ಎರಡು ಪಾಯಿಂಟ್ ಸಿಗೋದು ಆಗಲೇ. ಇನ್ನು ಒಬ್ಬನೇ ಉಳಿದಿದ್ದು, ಅವನೂ ರೈಡ್ ಬರದವನಾಗಿದ್ದು, ಪಂದ್ಯ ಇನ್ನೂ ಬಹಳ ಇದ್ದರೆ, ಎಳೆದಾಡೋದಕ್ಕಿಂತ ಬೇಗ ಆಲ್ ಔಟ್ ಆಗಿ ಏಳೂ ಜನ ಒಳಗೆ ಬರೋದು ಮೇಲು. ಎರಡು ಪಾಯಿಂಟ್ ಹೆಚ್ಚಿಗೆ ಹೋಗುತ್ತದೆ, ಹೋಗಲಿ.

ಇನ್ನೊಂದು ದೊಡ್ಡ ತೊಂದರೆ ಶಿಫ್ಟ್. ಹುಡುಗರಲ್ಲಿ ಅರ್ಧ ಜನ ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಇದ್ದರೆ ಏಳೂ ಜನ ಒಟ್ಟಿಗೆ ಸಿಗುವುದೇ ಅಪರೂಪ. ಎಲ್ಲರಿಗೂ ಕಾಯಬೇಡಿ. ಒಂದೇ ಶಿಫ್ಟಿನ ಇಬ್ಬರನ್ನು ಕಾರ್ನರ್-ಕವರ್ ಜೋಡಿ ಮಾಡಿಬಿಡಿ, ಅವರಾದರೂ ಯಾವಾಗಲೂ ಒಟ್ಟಿಗೆ ಆಡುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಪಾಯಿಂಟ್ ಬರುತ್ತಿಲ್ಲ ಅಂದರೆ ಆಗ ರೈಡರ್ ಹುಡುಕಿ. ಬೇರೆ ತಾಲ್ಲೂಕಿನವನನ್ನು ಆಡಿಸಬಹುದಾ, ಆಧಾರ್ ಕೇಳುತ್ತಾರಾ, ತೂಕದ ಮಿತಿ ಎಷ್ಟು, ಇದನ್ನೆಲ್ಲ ಆಯೋಜಕರ ಹತ್ತಿರ ವಿಚಾರಿಸಿಕೊಳ್ಳಿ. ತೂಕ ನೋಡುವ ಹಿಂದಿನ ರಾತ್ರಿ ಊಟ ಬಿಡಿಸಿ ಕರೆತಂದ ಹುಡುಗ ಎರಡನೇ ಅರ್ಧದಲ್ಲಿ ಉಸಿರು ಹಿಡಿಯೋಕೆ ಒದ್ದಾಡುತ್ತಾನೆ. ಬಂದವನನ್ನು ಟೂರ್ನಿಗೆ ಮುಂಚೆ ಒಂದೆರಡು ಸಂಜೆ ನಮ್ಮ ಹುಡುಗರ ಎದುರು ಆಡಿಸಿ, ದುಡ್ಡಿನ ಮಾತು ಅದಾದ ಮೇಲೆ.