ಶುಗರ್, ಬಿಪಿ ಇದ್ದವರ ತಾಟು ಹೆಂಗಿರಬೇಕು: ಖಾನಾವಳಿ ಅಕ್ಕನ ಲೆಕ್ಕ

ಕಲಬುರಗಿಯೊಳಗ ನಾ ಒಂದು ಸಣ್ಣ ಖಾನಾವಳಿ ನಡಸ್ತೀನಿ. ಕೋರ್ಟಿನ ಮಂದಿ, ಆಫೀಸಿನವರು, ಅಫಜಲಪುರ, ಜೇವರ್ಗಿ ಕಡಿಂದ ದವಾಖಾನಿಗೆ ಬಂದವರು ಮಧ್ಯಾಹ್ನ ಊಟಕ್ಕ ಬರ್ತಾರ. ಮೊದಲ "ಪಲ್ಯ ಏನದ?" ಅಂತ ಕೇಳ್ತಿದ್ರು. ಈಗ ಕೈ ತೊಳಕೊಳ್ಳೂದರಾಗೇ "ಅಕ್ಕಾ, ನನಗ ಶುಗರ್ ಅದ. ಜೋಳದ ರೊಟ್ಟಿ ಎಷ್ಟಾದ್ರೂ ನಡೀತದಲ್ಲಾ?" ಅಂತಾರ.

ನಡಿಯಂಗಿಲ್ಲ ರೀ. ರೊಟ್ಟಿ ಮಾರಿ ಹೊಟ್ಟಿ ತುಂಬಿಸ್ಕೊಳ್ಳೋಕಿ ನಾನೇ ಹೇಳ್ಲತ್ತೀನಿ. ಜೋಳ ಒಳ್ಳೇದು, ಅದರಾಗ ಎರಡು ಮಾತಿಲ್ಲ. 100 ಗ್ರಾಂ ಜೋಳದಾಗ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನ್ ಇರ್ತದ. ಅಷ್ಟೇ ಬಿಳಿ ಅಕ್ಕಿಯೊಳಗ ನಾರು 3 ಗ್ರಾಂನೂ ಇರಂಗಿಲ್ಲ. ಆದ್ರ ಜೋಳದಾಗ ಮೂರರಾಗ ಎರಡು ಪಾಲು ಪಿಷ್ಟನೇ, ಹೊಟ್ಟಿಗೆ ಹೋದ ಮ್ಯಾಲ ಅದೂ ಸಕ್ಕರಿನೇ ಆಗ್ತದ. ನನ್ನ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡೀತದ, ಅಂದ್ರ 40 ಗ್ರಾಂ ಪಿಷ್ಟ. ನಾಕು ರೊಟ್ಟಿ ತಿಂದು ಮ್ಯಾಲ ಅನ್ನಾನೂ ಉಂಡು "ನಾ ಜೋಳ ತಿಂತೀನಿ, ಆದ್ರೂ ಶುಗರ್ ಇಳಿವಲ್ದು" ಅಂದ್ರ ಜೋಳದ್ದೇನು ತಪ್ಪು?

ಹಂಗಾದ್ರ ತಾಟು ಹೆಂಗ ತುಂಬಬೇಕು? ಮೊದಲ ಅರ್ಧ ತಾಟು ಪಲ್ಯ, ಹಸಿ ಕಾಯಿಪಲ್ಯದ್ದು. ಉಳಿದ ಅರ್ಧದಾಗ ಒಂದು ಪಾಲು ಕಾಳು ಇಲ್ಲಾ ಬ್ಯಾಳಿ, ಇನ್ನೊಂದು ಪಾಲು ರೊಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಾಗ ಕೊಟ್ಟ ಮಾರ್ಗಸೂಚಿಯೊಳಗ ದಿನಕ್ಕ 400 ಗ್ರಾಂ ಕಾಯಿಪಲ್ಯ ಬೇಕು ಅಂತದ, ಆಲೂಗಡ್ಡಿ ಅದರಾಗ ಲೆಕ್ಕಕ್ಕಿಲ್ಲ. 400 ಗ್ರಾಂ ಅಂದ್ರ ಅಂಜಬ್ಯಾಡ್ರಿ. ಒಂದು ಸಣ್ಣ ಸೂಡು ಮೆಂತ್ಯಪಲ್ಯ, ಎರಡು ಬದನಿಕಾಯಿ, ಒಂದು ಸವತಿಕಾಯಿ, ಒಂದು ಉಳ್ಳಾಗಡ್ಡಿ, ಅಷ್ಟಕ್ಕೇ ಆಯ್ತು. ಕಣ್ಣಿ ಮಾರ್ಕೆಟ್ಟಿನಾಗ ಸಂಜಿಮುಂದ ಹೋದ್ರ ತಪ್ಪಲಪಲ್ಯ ಸೋವಿ ಸಿಗ್ತದ. ಪುಂಡಿಪಲ್ಯ, ರಾಜಗಿರಿ, ಪಾಲಕ, ಮೂಲಂಗಿ ತಪ್ಪಲ, ದಿನಾ ಒಂದೊಂದು ಮಾಡ್ರಿ.

ಇದಕ್ಕೆಲ್ಲ ಹೊಸಾ ಪುಸ್ತಕ ಓದೂದು ಬ್ಯಾಡ, ಎಳ್ಳ ಅಮಾಸಿ ದಿನ ಹೊಲದಾಗ ಕುಂತು ಉಣ್ಣೋ ಭಜ್ಜಿ ನೆನಸ್ಕೋರಿ. ಹಸಿ ಕಡ್ಲಿ, ಹಸಿ ತೊಗರಿ, ಅವರಿಕಾಳು, ಬದನಿಕಾಯಿ, ಗಜ್ಜರಿ, ಮೆಂತ್ಯ, ಪುಂಡಿ, ಹುಳಿಚಿಕ್ಕ, ಕೈಗೆ ಸಿಕ್ಕದ್ದೆಲ್ಲಾ ಹಾಕಿ ಕುದಿಸ್ತೀವಿ. ಎಣ್ಣಿ ಬರೇ ಒಗ್ಗರಣಿಗೆ. ಪಕ್ಕಕ್ಕ ಸಜ್ಜಿ ರೊಟ್ಟಿ, ಅಂಬಲಿ. ಅವತ್ತು ಶೇಂಗಾ ಹೋಳಿಗಿ ಒಂದು ಬಿಟ್ರ ಶುಗರ್ ಇದ್ದವರಿಗೆ ಅದಕ್ಕಿಂತ ಚಲೋ ಊಟ ನಾ ಮಾಡಿ ಹಾಕ್ಲಿಕ್ಕ ಆಗಂಗಿಲ್ಲ. ವರ್ಷಕ್ಕೊಮ್ಮಿ ಯಾಕ, ವಾರಕ್ಕ ಎರಡು ಸಲ ಮಾಡ್ರಿ. ಹಸಿಕಾಳು ಸಿಗದ ದಿನದಾಗ ಮಡಕಿ, ಹೆಸರು ರಾತ್ರಿ ನೆನಿಹಾಕ್ರಿ. ಬ್ಯಾಳಿ ಮಾತ್ರ ಗಟ್ಟಿ ಇರ್ಲಿ. 2019ರಾಗ ಜಿಐ ಟ್ಯಾಗ್, ಅಂದ್ರ ಇದು ಇದೇ ಊರಿನ ಬೆಳಿ ಅನ್ನೋ ಸರಕಾರದ ಗುರುತು, ಸಿಕ್ಕ ತೊಗರಿ ನಮ್ಮ ಜಿಲ್ಲಾದ್ದು, ಅದನ್ನ ನೀರಿನಂಗ ಕುದಿಸಿ ಅನ್ನದ ಮ್ಯಾಲ ಸುರಕೊಂಡ್ರ ಅನ್ನ ಜಾಸ್ತಿ ಇಳೀತದ, ಬ್ಯಾಳಿ ಹೊಟ್ಟಿಗೆ ಸೇರಂಗಿಲ್ಲ.

ತಿನ್ನೋ ಸರದಿನೂ ಬದಲಿ ಮಾಡ್ರಿ. ನನ್ನ ಕಡಿ ಕುಂತವರಿಗೆ ಮೊದಲ ಸವತಿಕಾಯಿ, ಮೂಲಂಗಿ, ಉಳ್ಳಾಗಡ್ಡಿ ಇಡ್ತೀನಿ. ಅದು ಮುಗಿದ ಮ್ಯಾಲ ಪಲ್ಯ, ಕಾಳು. ಆಮ್ಯಾಲ ಬಿಸಿ ರೊಟ್ಟಿ. ನಾರು, ಪ್ರೋಟೀನ್ ಮೊದಲ ಹೊಟ್ಟಿಗೆ ಹೋದ್ರ ಊಟ ಆದ ಮ್ಯಾಲ ಶುಗರ್ ಒಮ್ಮಿಗಲೇ ಏರಂಗಿಲ್ಲ. ಮೂರನೇ ರೊಟ್ಟಿ ಬ್ಯಾಡ ಅಂತ ತಾವೇ ಅಂತಾರ. ನನಗ ವ್ಯಾಪಾರ ಕಡಿಮಿ, ಏನ್ ಮಾಡೂದು.

ಅನ್ನದ ಮಾತು. ರೇಶನ್ ಅಕ್ಕಿ ಮನ್ಯಾಗ ಬಿದ್ದದ, ಬೇಕಾದಷ್ಟು ಜೋಳ ರೊಕ್ಕಾ ಕೊಟ್ಟು ತರಬೇಕು. ಹಿಂಗಾಗಿ ಎರಡೂ ಹೊತ್ತು ಅನ್ನ ಉಣ್ಣೋ ಮನಿ ಭಾಳ ಆಗ್ಯಾವ. ಅಕ್ಕಿ ಬಿಡ್ರಿ ಅಂತ ನಾ ಅನ್ನಂಗಿಲ್ಲ. ಎರಡು ರೊಟ್ಟಿ ತಿಂದ್ರ ಅವತ್ತು ಅನ್ನ ಬ್ಯಾಡ. ಅನ್ನ ಬೇಕಂದ್ರ ಒಂದು ರೊಟ್ಟಿ, ಒಂದು ಸಣ್ಣ ಬಟ್ಟಲ ಅನ್ನ, ಮ್ಯಾಲ ಗಟ್ಟಿ ಬ್ಯಾಳಿ. ಜೋಳದ ನುಚ್ಚು ಮಾಡಿಟ್ಕೊಂಡ್ರ ಅನ್ನದ ಬದಲಿಗೆ ಮಜ್ಜಿಗಿ ಕೂಡಿಸಿ ಉಣ್ಣಬಹುದು, ಅದನ್ನೂ ಬಟ್ಟಲದ ಲೆಕ್ಕದಾಗೇ.

ಇನ್ನ ಚಹಾ. ಊಟದಾಗ ಇಷ್ಟೆಲ್ಲಾ ಲೆಕ್ಕ ಹಾಕಿದವರು ಬಾಗಲದಾಚಿ ನಿಂತು ಎರಡು ಚಮಚ ಸಕ್ಕರಿ ಚಹಾ ಕುಡೀತಾರ. ಒಂದು ಕಪ್ಪಿಗೆ ಸುಮಾರು 10 ಗ್ರಾಂ, ದಿನಕ್ಕ ನಾಕು ಕಪ್ಪಿಗೆ 40 ಗ್ರಾಂ. ರೋಗ ಇಲ್ಲದವರಿಗೇ ದಿನಕ್ಕ 25 ಗ್ರಾಂ ದಾಟಬಾರ್ದು ಅಂತಾರ. ಒಮ್ಮಿಗಲೇ ಬಿಟ್ರ ಮೂರನೇ ದಿನಕ್ಕ ಮತ್ತ ಶುರು ಆಗ್ತದ. ಅದಕ್ಕ ವಾರಕ್ಕ ಅರ್ಧ ಚಮಚ ಇಳಿಸ್ರಿ, ಒಂದು ತಿಂಗಳದಾಗ ನಾಲಿಗಿ ಹೊಂದ್ಕೋತದ. ಬೆಲ್ಲ ಹಾಕಿದ್ರ ನಡೀತದ ಅನ್ನೋರಿಗೆ ನನ್ನ ಉತ್ತರ ಒಂದೇ: ಶುಗರ್ ಮಿಷಿನ್ನಿಗೆ ಬೆಲ್ಲ, ಸಕ್ಕರಿ ಗುರುತು ಹತ್ತಂಗಿಲ್ಲ. ಜಾತ್ರಿ, ಹಬ್ಬದಾಗ ಹೋಳಿಗಿ ತಿನ್ನಬೇಕು ಅನ್ನಿಸಿದ್ರ ಒಂದು ತಿನ್ರಿ, ಅವತ್ತು ರೊಟ್ಟಿ, ಅನ್ನ ಎರಡೂ ಬಿಡ್ರಿ.

ಬಿಪಿ ಇದ್ದವರಿಗೆ ದಿನಕ್ಕ ಉಪ್ಪು 5 ಗ್ರಾಂ, ಒಂದು ಸಣ್ಣ ಚಮಚ, ಎಲ್ಲಾ ಕೂಡಿ. ನಮ್ಮ ರೊಟ್ಟಿಗೆ ಉಪ್ಪು ಹಾಕಂಗಿಲ್ಲ, ಅದೊಂದು ಪುಣ್ಯ. ಆದ್ರ ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗಿ ಸಾಲಾಗಿ ತಾಟಿಗೆ ಬಂದ್ರ ಆ ಪುಣ್ಯ ಅಲ್ಲೇ ಖರ್ಚಾತು. ಹಿಂಡಿ ಕುಟ್ಟೋ ಮುಂದ ಉಪ್ಪು ಅರ್ಧ ಮಾಡ್ರಿ, ಬಳ್ಳೊಳ್ಳಿ, ಜೀರಗಿ ಜಾಸ್ತಿ ಮಾಡ್ರಿ, ತಿನ್ನೋ ಮುಂದ ನಿಂಬಿಹಣ್ಣು ಹಿಂಡ್ರಿ. ಪುಂಡಿಪಲ್ಯಕ್ಕ ತನ್ನದೇ ಹುಳಿ ಅದ, ಉಪ್ಪು ಕಡಿಮಿ ಆದದ್ದು ಗೊತ್ತೇ ಆಗಂಗಿಲ್ಲ. ಬಿಪಿಗೆ ಅಂತ ಅಂಗಡ್ಯಾಗ ಕಡಿಮಿ ಸೋಡಿಯಂ ಉಪ್ಪು ಮಾರ್ತಾರ. ಅದರಾಗ ಪೊಟ್ಯಾಶಿಯಂ ಇರ್ತದ, ಕಿಡ್ನಿ ತೊಂದರಿ ಇದ್ದವರು, ಬಿಪಿ ಗುಳಿಗಿ ನುಂಗೋರು ಡಾಕ್ಟರಿಗೆ ಕೇಳದ ತರಬ್ಯಾಡ್ರಿ.

ಎಣ್ಣಿ ಅಳತಿ ಸಸಾರ. ತಲಿಗೆ ದಿನಕ್ಕ 27 ಗ್ರಾಂ ಅಂದ್ರ ನಾಕು ಮಂದಿ ಮನಿಗೆ ತಿಂಗಳಿಗೆ ಮೂರೂವರಿ ಲೀಟರ್. ತಿಂಗಳ ಒಂದನೇ ತಾರೀಖಿಗೆ ಅಷ್ಟೇ ತರ್ರಿ, ಮುಗೀತಂದ್ರ ಮುಗೀತು. ಎಣ್ಣಿಗಾಯಿ ಬದನಿಕಾಯಿಗೆ ಶೇಂಗಾ, ಎಳ್ಳಿನ ಮಸಾಲಿನೇ ಎಣ್ಣಿ ಬಿಡ್ತದ, ಮ್ಯಾಲಿಂದ ಸುರಿಯೂದು ಬರೇ ಚಂದಕ್ಕ. ಮಿರ್ಚಿ ಭಜಿ ವಿಷಯ ನಿಮಗ ಗೊತ್ತೇ ಅದ. ಕರೇ ಎಣ್ಣಿಯೊಳಗ ಮತ್ತ ಮತ್ತ ಕರಿದದ್ದು ತಿನ್ನಬ್ಯಾಡ್ರಿ.

ಉಪವಾಸ ಮಾಡೋರು ಇದನ್ನ ಸರಿಯಾಗಿ ಓದ್ರಿ. ಶ್ರಾವಣ ಸೋಮವಾರ ಇರ್ಲಿ, ರೋಜಾ ಇರ್ಲಿ, ಇನ್ಸುಲಿನ್ ಇಲ್ಲಾ ಕೆಲವು ಶುಗರ್ ಗುಳಿಗಿ ತಗೊಂಡು ಊಟ ಬಿಟ್ರ ಶುಗರ್ 70ಕ್ಕಿಂತ ಕೆಳಗ ಇಳಿಬಹುದು. ಮೈ ಬೆವರಿ, ಕೈ ನಡುಗಿದ್ರ ತಡಾ ಮಾಡದ ಮೂರು ಚಮಚ ಸಕ್ಕರಿ ನೀರಾಗ ಕಲಿಸಿ ಕುಡೀರಿ, 15 ನಿಮಿಷಕ್ಕ ಮತ್ತ ನೋಡ್ರಿ. ಎಚ್ಚರ ತಪ್ಪಿದವರ ಬಾಯಾಗ ಏನೂ ಹಾಕಬ್ಯಾಡ್ರಿ, ದವಾಖಾನಿಗೆ ಒಯ್ಯಿರಿ. ಉಪವಾಸ ಹಿಡಿಯೂದಕ್ಕ ಮೊದಲ ಗುಳಿಗಿ ಹೊತ್ತು, ಅಳತಿ ಡಾಕ್ಟರಿಗೆ ಕೇಳ್ಕೋರಿ. ಉಪವಾಸಕ್ಕ ಅಂತ ಸಾಬುದಾಣಿ ತಿನ್ನೋರು ತಿಳಕೋರಿ, ಅದು ಹೆಚ್ಚು ಕಡಿಮಿ ಬರೇ ಪಿಷ್ಟ. ಕಿಡ್ನಿ ಕೆಟ್ಟವರಿಗೆ ನಾ ಮ್ಯಾಲ ಹೇಳಿದ ಬ್ಯಾಳಿ, ತಪ್ಪಲಪಲ್ಯದ ಲೆಕ್ಕ ಹೊಂದಂಗಿಲ್ಲ, ಅವರದ್ದೇ ಬ್ಯಾರೆ ಪಥ್ಯ.

ಶುಗರ್ ಇನ್ನೂ ಬಂದಿಲ್ಲ, ಅಂಚಿನ್ಯಾಗ ಅದ ಅನ್ನೋರಿಗೆ ಒಂದು ಮಾತು. ಚೆನ್ನೈ ಡಾಕ್ಟರುಗಳು ಇಂಥವರನ್ನೇ ಹಿಡಕೊಂಡು ಮಾಡಿದ ಅಧ್ಯಯನ 2006ರಾಗ ಹೊರಗ ಬಂತು. ಗುಳಿಗಿ ಇಲ್ಲದ, ಬರೇ ಊಟ ತಿದ್ದಿ ಅಡ್ಡಾಡಿದವರಿಗೆ ಶುಗರ್ ಬರೋದು 28.5% ಕಡಿಮಿ ಆಗಿತ್ತು. 30 ದಾಟಿದವರು ಹತ್ತಿರದ ಆರೋಗ್ಯ ಕೇಂದ್ರದಾಗ ಶುಗರ್, ಬಿಪಿ ಪುಕ್ಕಟೆ ತೋರಿಸ್ಕೋಬಹುದು.

ಮನ್ಯಾಗ ಶುಗರ್ ಮಿಷಿನ್ ಇದ್ರ ಒಂದು ಪರೀಕ್ಷಾ ಮಾಡ್ರಿ. ಒಂದಿನ ನಿಮ್ಮ ಯಾವತ್ತಿನ ಊಟ, ಇನ್ನೊಂದಿನ ನಾ ಹೇಳಿದಂಗ ಪಲ್ಯ ಮೊದಲ, ಎರಡೇ ರೊಟ್ಟಿ. ಎರಡೂ ದಿನ ಮೊದಲ ತುತ್ತು ತಿಂದ ಎರಡು ತಾಸಿಗೆ ಸರಿಯಾಗಿ ಬೊಟ್ಟ ಚುಚ್ಚಿ ನೋಡಿ, ಏನೇನು ತಿಂದಿರಿ ಅಂತ ಪಕ್ಕಕ್ಕ ಬರದಿಡ್ರಿ. ಒಂದು ಸಲದ ಅಂಕಿ ಮ್ಯಾಲ ತೀರ್ಮಾನ ಮಾಡಬ್ಯಾಡ್ರಿ, ಒಂದೆರಡು ವಾರ ಹಿಂಗ ಬರೀರಿ. ಮುಂದಿನ ಸಲ ಡಾಕ್ಟರ ಹತ್ರ ಹೋಗೋ ಮುಂದ, ಮೂರು ತಿಂಗಳ ಶುಗರಿನ ಸರಾಸರಿ ಹೇಳೋ ಎಚ್‌ಬಿಎ1ಸಿ ರಕ್ತ ಪರೀಕ್ಷಾದ ರಿಪೋರ್ಟಿನ ಜೋಡಿ ಆ ಹಾಳಿನೂ ಒಯ್ಯಿರಿ. ಗುಳಿಗಿ ಇಳಸೂದು ಏರಸೂದು ಅವರ ಕೆಲಸ.