ಕರಾವಳಿಯಲ್ಲಿ ಜಾಗ ಕೊಳ್ಳುವ ಮುನ್ನ: ಕುಮಟಾದ ದಸ್ತಾವೇಜು ಬರಹಗಾರನ ಮಾತು

ಜಾಗ ಕೊಳ್ಳಬೇಕೆಂದು ನನ್ನ ಮೇಜಿನ ಮುಂದೆ ಕೂತವರನ್ನು ನಾನು ಮೊದಲು ಕೇಳುವುದು ಜಾಗದ ವಿಷಯವಲ್ಲ. ಆರು ತಿಂಗಳ ಮನೆಖರ್ಚು ಬೇರೆ ತೆಗೆದಿಟ್ಟಿದ್ದೀರಾ, ಆರೋಗ್ಯ ವಿಮೆ ಇದೆಯಾ ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಮನೆಯವರನ್ನು ಮಣಿಪಾಲಕ್ಕೆ ಒಯ್ಯುವ ರಾತ್ರಿ ಎರಡು ಗುಂಟೆ ಕತ್ತರಿಸಿ ಮಾರಲಾಗುವುದಿಲ್ಲ. ಗಡಿಬಿಡಿಯಲ್ಲಿ ಮಾರುವವನಿಗೆ ಗಿರಾಕಿ ಹೇಳಿದ್ದೇ ದರ.

ಆ ದುಡ್ಡನ್ನು ಎಲ್ಲಿಡುವುದು? ಘಟ್ಟದ ಮೇಲಿನವರು ಅಡಿಕೆ ದುಡ್ಡು ಬಂದ ಕೂಡಲೇ ಸೊಸೈಟಿ ಠೇವಣಿಗೆ ಹಾಕುತ್ತಾರೆ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಅದು ಸಹಕಾರಿ ಬ್ಯಾಂಕುಗಳಿಗೂ ಉಂಟು. ಊರಿನ ಸೇವಾ ಸಹಕಾರಿ ಸಂಘಕ್ಕಾಗಲಿ, ಸೌಹಾರ್ದ ಸಹಕಾರಿಗಾಗಲಿ ಇಲ್ಲ. ಸಂಘದಲ್ಲಿ ಇಡಬೇಡಿ ಎನ್ನುತ್ತಿಲ್ಲ, ಎಲ್ಲವನ್ನೂ ಅಲ್ಲೇ ಇಡಬೇಡಿ.

ಇನ್ನು ಲೆಕ್ಕ. 20 ಲಕ್ಷದ ಜಾಗವೆಂದರೆ 20 ಲಕ್ಷಕ್ಕೆ ಮುಗಿಯುವುದಿಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಒಂದೂವರೆ ಲಕ್ಷ ದಾಟುತ್ತದೆ. ಮನೆಸಾಲವಾದರೆ 20 ಲಕ್ಷಕ್ಕೆ ಶೇ. 8.5ರಂತೆ 20 ವರ್ಷ ತಿಂಗಳಿಗೆ ಸುಮಾರು 17,350 ರೂಪಾಯಿ ಕಂತು. ಒಟ್ಟು ಕಟ್ಟುವುದು 41 ಲಕ್ಷದ ಮೇಲೆ. ಕಾರವಾರದಲ್ಲಿ 40 ಲಕ್ಷದ ಫ್ಲ್ಯಾಟು ಕೊಂಡು 10,000ಕ್ಕೆ ಬಾಡಿಗೆ ಕೊಟ್ಟಿರಿ ಅಂದುಕೊಳ್ಳಿ: ವರ್ಷಕ್ಕೆ ಶೇ. 3. ಬಣ್ಣ, ಸೋರಿಕೆ, ಖಾಲಿ ಬಿದ್ದ ತಿಂಗಳು ಕಳೆದರೆ ಅದೂ ಇಲ್ಲ. ದರ ಏರುತ್ತದೆಂಬ ನಂಬಿಕೆಯ ಮೇಲೆಯೇ ಕೊಳ್ಳುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರಲಿ.

ಈಗ ಕಾಗದಪತ್ರ. ಜಾಗ ನೋಡಲು ಹೋಗುವ ಮೊದಲು ಸರ್ವೆ ನಂಬರು ಕೇಳಿ, ಪಹಣಿ ತೆಗೆಸಿ. 9ನೇ ಕಾಲಮ್ಮಿನಲ್ಲಿ ಮಾರುವವರ ಹೆಸರಿದೆಯಾ, 11ರಲ್ಲಿ ಬೋಜಾ, ಅಂದರೆ ಜಾಗದ ಮೇಲಿನ ಸಾಲದ ಹೊರೆ, ಏನಿದೆ ನೋಡಿ. ಸಂಘದ ಬೆಳೆಸಾಲ ಇದ್ದೇ ಇರುತ್ತದೆ, ತೀರಿಸಿ ಪಹಣಿಯಿಂದ ತೆಗೆಸಿದರಾಯಿತು. 9ರಲ್ಲಿ ತೀರಿಹೋದ ಅಜ್ಜನ ಹೆಸರೇ ಇದ್ದರೆ ವಾರಸಾ ಆಗಿ ವಾರಸುದಾರರ ಹೆಸರು ಏರುವ ತನಕ ಮುಂಗಡ ಕೊಡಬೇಡಿ. ಒಂದೇ ನಂಬರಿನ ತುಂಡು ಕೊಳ್ಳುವುದಾದರೆ ಆ ತುಂಡನ್ನು ಅಳೆದು ತೋರಿಸುವ ಸರ್ವೆಯ 11ಇ ನಕ್ಷೆ ಬೇಕು. ಕನಿಷ್ಠ 30 ವರ್ಷದ ಋಣಭಾರ ಪತ್ರ ತೆಗೆಸಿ, ಆದರೆ ಅದರಲ್ಲಿ ಮನೆಯೊಳಗಿನ ಹಕ್ಕು ಕಾಣುವುದಿಲ್ಲ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು. "ತಂಗಿಯರದ್ದು ಏನೂ ತಕರಾರಿಲ್ಲ" ಎಂಬ ಬಾಯಿಮಾತು ನನ್ನ ಕಿವಿಗೆ ಬೀಳದ ವಾರವಿಲ್ಲ. ತಕರಾರಿಲ್ಲದಿದ್ದರೆ ಸಹಿ ಹಾಕಲು ಬರಲಿ! ಬೆಂಗಳೂರು, ಪುಣೆ ಎಲ್ಲಿದ್ದರೂ ಹಿಸ್ಸೇದಾರರೆಲ್ಲ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಕೊಡಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಗ್ಗದ ಜಾಗಕ್ಕೆ ಹೆಚ್ಚಾಗಿ ಒಂದು ಕಾರಣವಿರುತ್ತದೆ. ಶಿರಸಿ, ಸಿದ್ದಾಪುರದ ಕಡೆ ತೋಟದ ಜೊತೆ "ಬೆಟ್ಟವೂ ಬರುತ್ತದೆ" ಎಂದು ತೋರಿಸುತ್ತಾರೆ. ಬೆಟ್ಟದಲ್ಲಿ ಇರುವುದು ಸೊಪ್ಪು ತರಗೆಲೆ ತರುವ ಸೌಲಭ್ಯ, ನೆಲದ ಮಾಲೀಕತ್ವವಲ್ಲ. ಅದಕ್ಕೆ ದರ ಕಟ್ಟಬೇಡಿ. ಅರಣ್ಯ ಅತಿಕ್ರಮಣದ ಜಾಗವಂತೂ ಕೇಳಲೇಬೇಡಿ: 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕರೂ ಅದು ಮಕ್ಕಳಿಗೆ ಹೋಗುತ್ತದೆ, ಮಾರುವಂತಿಲ್ಲ. ನೂರು ರೂಪಾಯಿ ಬಾಂಡಿನ ಮೇಲೆ ಬರೆದುಕೊಡಿ ಎಂದು ಬಂದವರನ್ನು ನಾನು ವಾಪಸು ಕಳಿಸುತ್ತೇನೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕ್ರಯವೇ ಊರ್ಜಿತವಲ್ಲ.

ಸಮುದ್ರದ ಬದಿಗೆ ಬಂದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಗೋಕರ್ಣದ ಸುತ್ತ ಹೋಮ್‌ಸ್ಟೇ ಕನಸು ಹೊತ್ತು ಬರುವವರಿಗೆ ಅಲೆ ಕಾಣುವ ಜಾಗವೇ ಬೇಕು. 2019ರ ಅಧಿಸೂಚನೆಯಂತೆ ಜನದಟ್ಟಣೆ ಕಡಿಮೆಯಿರುವ ಗ್ರಾಮೀಣ ಕರಾವಳಿಯಲ್ಲಿ ಭರತದ ನೀರು ಏರುವ ಗೆರೆಯಿಂದ 200 ಮೀಟರ್ ನಿರ್ಮಾಣ ನಿಷಿದ್ಧ ವಲಯ, ದಟ್ಟಣೆ ಹೆಚ್ಚಿದ್ದಲ್ಲಿ 50 ಮೀಟರ್. 500 ಮೀಟರ್‌ವರೆಗೂ ನಿಯಮ ಅನ್ವಯಿಸುತ್ತದೆ. ಸಿಆರ್‌ಝಡ್ ಕಡಲಿಗೆ ಮಾತ್ರವಲ್ಲ, ಉಪ್ಪುನೀರು ಏರುವ ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳ ದಂಡೆಗೂ ಇದೆ, ಅಲ್ಲಿ ಮೀಟರಿನ ಲೆಕ್ಕ ಬೇರೆ. ಕಗ್ಗ ಭತ್ತ ಬೆಳೆಯುವ ಗಜನಿಯನ್ನು, ಅಂದರೆ ಉಪ್ಪುನೀರಿನ ತಗ್ಗು ಗದ್ದೆಯನ್ನು, ಬೇಸಿಗೆಯಲ್ಲಿ ಒಣಗಿದಾಗ "ಚಪ್ಪಟೆ ಸೈಟು" ಎಂದು ತೋರಿಸುವ ದಲ್ಲಾಳಿಗಳಿದ್ದಾರೆ. ಯಾವ ಜಾಗವನ್ನಾದರೂ ಜುಲೈನಲ್ಲಿ ಒಮ್ಮೆ ನೋಡಿ.

2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಸರಿ. ಆದರೆ ಮನೆ ಕಟ್ಟಲು ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಪರಿವರ್ತನೆ, ಆಗಬೇಕು. ಆಮೇಲೆ ಪಂಚಾಯತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಖಾತೆ ಆಗಬೇಕು. ಇವಿಲ್ಲದ ಪ್ಲಾಟಿಗೆ ಬ್ಯಾಂಕ್ ಸಾಲ ಕಷ್ಟ.

ನೋಂದಣಿಯಾದ ದಿನ ಸಿಹಿ ಹಂಚಿ, ತಪ್ಪಿಲ್ಲ. ಆದರೆ ಪಹಣಿಯಲ್ಲಿ ನಿಮ್ಮ ಹೆಸರು ಬಂದಿದೆಯಾ ಎಂದು ತಿಂಗಳ ನಂತರ ನೀವೇ ಪರೀಕ್ಷಿಸಿ. ಸರ್ವೆಯವರಿಂದ ಗಡಿಯ ಬಾಂದುಕಲ್ಲು ಗುರುತಿಸಿಕೊಂಡ ಮೇಲೆಯೇ ಬೇಲಿಯವನಿಗೆ ಮುಂಗಡ ಕೊಡಿ.