ಎರಡರಷ್ಟು ಪವರಿನ ಮಾತ್ರೆ, ಅರ್ಧರ್ಧ
ದಿನಾ ನುಂಗುವ ಮಾತ್ರೆ ದುಬಾರಿಯಾಗಿದ್ದರೆ ಡಾಕ್ಟರ್ ಹತ್ತಿರ ಹೀಗೆ ಕೇಳಿ: "ಇದರ ಎರಡರಷ್ಟು ಪವರಿನದು ಬರೆದುಕೊಟ್ಟರೆ ಅರ್ಧ ಮಾಡಿ ತಗೋಬಹುದಾ?" 20 ಎಂಜಿಗೂ 40 ಎಂಜಿಗೂ ಎಷ್ಟೋ ಸಲ ಬೆಲೆಯಲ್ಲಿ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಒಂದು ತಿಂಗಳ ಮಾತ್ರೆ ಎರಡು ತಿಂಗಳು ಬರುತ್ತದೆ. ವಿಮೆಯವರು ಔಷಧಿಗೆ ದುಡ್ಡು ಕೊಡಲ್ಲ ಅಂದಾಗ ಇದು ದೊಡ್ಡ ಆಸರೆ. ನಡುವೆ ಗೀರು ಇರುವ ಮಾತ್ರೆಯೇ ಆಗಬೇಕು. ಚಾಕು ಬೇಡ, ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಸ್ಟ್ರಿಪ್ ಪೂರ್ತಿ ಒಮ್ಮೆಗೇ ಕತ್ತರಿಸಿಡಬೇಡಿ, ತೇವ ಹಿಡಿಯುತ್ತದೆ. ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತಿದ್ದರೆ ದಯವಿಟ್ಟು ಮುರಿಯಬೇಡಿ. ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ ಒಮ್ಮೆಲೇ ಮೈಗೆ ಸೇರಿಬಿಡುತ್ತದೆ. ಕ್ಯಾಪ್ಸೂಲ್‌ಗೂ ಇದು ಆಗುವುದಿಲ್ಲ. ಡಾಕ್ಟರನ್ನು ಕೇಳದೆ ಸುಮ್ನೆ ನೀವೇ ಶುರು ಮಾಡಬೇಡಿ.